ಎಲ್‌ಡಿಡಿ ಕೊಡೋ ಲಿಸ್ಟನ್ನ ಹೇಗೆ ಓದಬೇಕು

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮನ್ನ ಬೇರೆ ಮಷೀನಿಂದ ತಂದು ರನ್ ಮಾಡಿದಾಗ ತುಂಬಾ ಸಲ ಸಿಗೋ ಉತ್ತರ ಒಂದೇ, "ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್", ಅದರ ಪಕ್ಕ ಲಿಬ್ ಅಂತ ಶುರುವಾಗೋ ಒಂದು ಹೆಸರು, ಕೊನೆಗೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಫೈಲ್ ಅಲ್ಲೇ ಇದೆ, ಪರ್ಮಿಷನ್ ಸರಿ ಇದೆ, ಆ ಮಷೀನಲ್ಲಿ ಚೆನ್ನಾಗೇ ಓಡ್ತಿತ್ತು, ಆದ್ರೆ ಇಲ್ಲಿ ಒಂದು ಲೈನ್ ಕೋಡ್ ರನ್ ಆಗೋ ಮುಂಚೆನೇ ನಿಂತೋಯ್ತು. ಆಗ ಯಾರನ್ನ ಕೇಳಿದ್ರೂ ಹೇಳೋದು "ಎಲ್‌ಡಿಡಿ ಹಾಕಿ ನೋಡಿ" ಅಂತ, ಒಂದು ಪ್ರೋಗ್ರಾಮಿಗೆ ಯಾವ ಯಾವ ಲೈಬ್ರರಿ ಬೇಕು, ಅವು ಎಲ್ಲಿ ಸಿಕ್ತು ಅಂತ ಪಟ್ಟಿ ಮಾಡೋ ಕಮಾಂಡ್ ಅದು. ಹಾಕ್ತೀವಿ, ಒಂದಷ್ಟು ಸಾಲು ಬರುತ್ತೆ, ಅದರಲ್ಲಿ "ನಾಟ್ ಫೌಂಡ್" ಅಂತ ಇರೋದನ್ನ ಹುಡುಕಿ, ಆ ಲೈಬ್ರರಿ ಇನ್‌ಸ್ಟಾಲ್ ಮಾಡಿ, ಮುಂದಕ್ಕೆ ಹೋಗ್ತೀವಿ.

ಅರ್ಧ ಸಲ ಅಷ್ಟು ಸಾಕು. ಇನ್ನರ್ಧ ಸಲ ಎಲ್‌ಡಿಡಿ ಎಲ್ಲಾ ಸರಿ ಇದೆ ಅಂತ ಹೇಳುತ್ತೆ ಆದ್ರೂ ಪ್ರೋಗ್ರಾಮ್ ಓಡಲ್ಲ, ಅಥವಾ ನಾವು ಕೇಳೇ ಇಲ್ಲದ ಲೈಬ್ರರಿಗಳ ಹೆಸರು ಲಿಸ್ಟಲ್ಲಿ ಕಾಣುತ್ತೆ, ಅಥವಾ "ಇದು ಡೈನಾಮಿಕ್ ಎಕ್ಸಿಕ್ಯೂಟಬಲ್ಲೇ ಅಲ್ಲ" ಅಂದ್ಬಿಡುತ್ತೆ. ಇದಕ್ಕೆಲ್ಲಾ ಮೂಲ ಒಂದೇ ಕಡೆ ಇದೆ. ಎಲ್‌ಡಿಡಿ ಪ್ರೋಗ್ರಾಮ್ ಫೈಲನ್ನ ತಾನೇ ಓದಿ ಉತ್ತರ ಹೇಳಲ್ಲ, ಆ ಪ್ರೋಗ್ರಾಮನ್ನ ದಿನಾ ಲೋಡ್ ಮಾಡೋ ಲೋಡರನ್ನೇ ಕರೆದು, ನಾಟಕಕ್ಕೆ ಮುಂಚೆ ತಾಲೀಮು ಮಾಡಿಸಿದ ಹಾಗೆ, ಒಂದು ಸಲ ಸುಮ್ನೆ ಲೋಡ್ ಮಾಡಿಸಿ ನೋಡುತ್ತೆ. ಹಾಗಾಗಿ ಅದು ಕೊಡೋ ಉತ್ತರ ಆ ಫೈಲಿಗೆ ಮಾತ್ರ ಸೇರಿದ್ದಲ್ಲ, ಈ ಮಷೀನಿಗೆ, ಈ ಶೆಲ್ಲಿಗೆ, ಈ ಕ್ಷಣಕ್ಕೆ ಸೇರಿದ್ದು. ಇದೊಂದನ್ನ ಹಿಡ್ಕೊಂಡ್ರೆ ಮಿಕ್ಕಿದ್ದೆಲ್ಲಾ ಸಲೀಸಾಗಿ ಅರ್ಥ ಆಗುತ್ತೆ.

ಮೊದಲು ಸ್ವಲ್ಪ ಹಿನ್ನೆಲೆ. ಸ್ಕ್ರೀನ್ ಮೇಲೆ ಒಂದು ಸಾಲು ಪ್ರಿಂಟ್ ಮಾಡೋಕೆ, ಮೆಮರಿ ತಗೊಳ್ಳೋಕೆ, ಫೈಲ್ ಓಪನ್ ಮಾಡೋಕೆ ಬೇಕಾದ ಕೋಡನ್ನ ಪ್ರತಿ ಪ್ರೋಗ್ರಾಮ್ ಒಳಗೂ ತುಂಬಿಸಿ ಇಡಬಹುದು, ಅದಕ್ಕೆ ಸ್ಟ್ಯಾಟಿಕ್ ಲಿಂಕಿಂಗ್ ಅಂತಾರೆ. ಇಲ್ಲಾಂದ್ರೆ ಆ ಕೋಡನ್ನ ಒಂದೇ ಫೈಲಲ್ಲಿ ಇಟ್ಟು ಎಲ್ಲಾ ಪ್ರೋಗ್ರಾಮ್‌ಗಳೂ ಓಡೋ ಟೈಮಲ್ಲಿ ಅದನ್ನ ಹಂಚ್ಕೊಳ್ಳಬಹುದು, ಅದೇ ಶೇರ್ಡ್ ಲೈಬ್ರರಿ, ಲಿನಕ್ಸ್‌ನಲ್ಲಿ ಹೆಸರಿನ ಕೊನೆಗೆ ಡಾಟ್ ಎಸ್‌ಓ ಅಂತ ಇರುತ್ತೆ. ಎರಡನೇ ದಾರೀಲಿ ಪ್ರೋಗ್ರಾಮ್ ಫೈಲ್ ಒಳಗೆ ಲೈಬ್ರರಿ ಇರಲ್ಲ, ಬರೀ ಅದರ ಹೆಸರು ಇರುತ್ತೆ. ಎಲ್ಫ್ ಅನ್ನೋ ಫೈಲ್ ಫಾರ್ಮ್ಯಾಟಲ್ಲಿ ಇದಕ್ಕೆ ಅಂತಾನೇ ಡೈನಾಮಿಕ್ ಸೆಕ್ಷನ್ ಅಂತ ಒಂದು ಭಾಗ ಇದೆ, ಅದರಲ್ಲಿ ಒಂದೊಂದು ಲೈಬ್ರರಿಗೂ "ನೀಡೆಡ್" ಅಂತ ಒಂದು ಎಂಟ್ರಿ. ಗಮನಿಸಿ, ಅಲ್ಲಿರೋದು ಹೆಸರು ಅಷ್ಟೇ, ಸಾಮಾನ್ಯವಾಗಿ ಪೂರ್ತಿ ಪಾತ್ ಅಲ್ಲ. ಆ ಹೆಸರಿನ ಫೈಲ್ ಡಿಸ್ಕಲ್ಲಿ ಎಲ್ಲಿದೆ ಅಂತ ಹುಡುಕಿ ತಂದು ಮೆಮರಿಗೆ ಜೋಡಿಸೋದು ಡೈನಾಮಿಕ್ ಲೋಡರ್ ಕೆಲಸ. 64 ಬಿಟ್ ಇಂಟೆಲ್, ಎಎಂಡಿ ಮಷೀನುಗಳಲ್ಲಿ ಅದರ ವಿಳಾಸ /ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಓ.2. ಈ ವಿಳಾಸ ಕೂಡ ಪ್ರೋಗ್ರಾಮ್ ಫೈಲ್ ಒಳಗೇ "ಇಂಟರ್‌ಪ್ರಿಟರ್" ಅಂತ ಬರೆದಿರುತ್ತೆ, ಕರ್ನಲ್ ಅದನ್ನ ನೋಡಿ ಮೊದಲು ಲೋಡರನ್ನ ಎಬ್ಬಿಸುತ್ತೆ, ಲೋಡರ್ ಮಿಕ್ಕಿದ್ದನ್ನೆಲ್ಲಾ ತಂದ ಮೇಲೆನೇ ನಮ್ಮ ಪ್ರೋಗ್ರಾಮಿನ ಸರದಿ.

ಈಗ ಎಲ್ರ ಮಷೀನಲ್ಲೂ ಇರೋ ಎಲ್‌ಎಸ್ ಕಮಾಂಡನ್ನೇ ತಗೊಳ್ಳಿ. ಎಲ್‌ಡಿಡಿಗೆ ಪೂರ್ತಿ ಪಾತ್ ಕೊಡಬೇಕು, ಬರೀ "ಎಲ್‌ಡಿಡಿ ಎಲ್‌ಎಸ್" ಅಂದ್ರೆ ಅದು ಈಗಿರೋ ಡೈರೆಕ್ಟರಿಯಲ್ಲಿ ಎಲ್‌ಎಸ್ ಅನ್ನೋ ಫೈಲ್ ಹುಡುಕಿ ಇಲ್ಲ ಅನ್ನುತ್ತೆ. "ಎಲ್‌ಡಿಡಿ /ಬಿನ್/ಎಲ್‌ಎಸ್" ಅಂತ ಹೊಡೆದ್ರೆ ಉಬುಂಟು 22.04ರಲ್ಲಿ ಹೀಗೆ ಬರುತ್ತೆ, ಪ್ರತಿ ಸಾಲಿನ ಕೊನೇಲಿ ಬ್ರ್ಯಾಕೆಟ್ ಒಳಗೆ ಬರೋ ಅಡ್ರೆಸ್‌ಗಳನ್ನ ಇಲ್ಲಿ ಬಿಟ್ಟಿದೀನಿ:

ಲಿನಕ್ಸ್-ವಿಡಿಎಸ್‌ಓ.ಎಸ್‌ಓ.1
ಲಿಬ್‌ಸೆಲಿನಕ್ಸ್.ಎಸ್‌ಓ.1 => /ಲಿಬ್/ಎಕ್ಸ್86_64-ಲಿನಕ್ಸ್-ಗ್ನೂ/ಲಿಬ್‌ಸೆಲಿನಕ್ಸ್.ಎಸ್‌ಓ.1
ಲಿಬ್‌ಸಿ.ಎಸ್‌ಓ.6 => /ಲಿಬ್/ಎಕ್ಸ್86_64-ಲಿನಕ್ಸ್-ಗ್ನೂ/ಲಿಬ್‌ಸಿ.ಎಸ್‌ಓ.6
ಲಿಬ್‌ಪಿಸಿಆರ್‌ಇ2-8.ಎಸ್‌ಓ.0 => /ಲಿಬ್/ಎಕ್ಸ್86_64-ಲಿನಕ್ಸ್-ಗ್ನೂ/ಲಿಬ್‌ಪಿಸಿಆರ್‌ಇ2-8.ಎಸ್‌ಓ.0
/ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಓ.2

ಬಾಣದ ಎಡಗಡೆ ಇರೋದು ಕೇಳಿದ ಹೆಸರು, ಬಲಗಡೆ ಇರೋದು ಸಿಕ್ಕಿದ ಫೈಲ್. ಇದನ್ನ ಎರಡು ಬೇರೆ ಬೇರೆ ವಿಷಯ ಅಂತ ನೋಡೋದನ್ನ ಅಭ್ಯಾಸ ಮಾಡ್ಕೊಳ್ಳಿ, ಯಾಕಂದ್ರೆ ಸಮಸ್ಯೆಗಳು ಇರೋದು ಬಹುತೇಕ ಇವೆರಡರ ನಡುವೆ. ಹೆಸರು ಸರಿ ಇದ್ದು ಸಿಕ್ಕಿದ ಫೈಲ್ ಬೇರೆ ಯಾವುದೋ ಆಗಿರಬಹುದು, ಉದಾಹರಣೆಗೆ ಸಿಸ್ಟಮ್ ಲೈಬ್ರರಿ ಬದಲು ಯಾರೋ ಎಂದೋ /ಯುಎಸ್‌ಆರ್/ಲೋಕಲ್/ಲಿಬ್ ಒಳಗೆ ಬಿಲ್ಡ್ ಮಾಡಿ ಬಿಟ್ಟು ಹೋದ ಹಳೇ ಕಾಪಿ. "ನಾಟ್ ಫೌಂಡ್" ಹುಡುಕೋ ಕಣ್ಣಿಗೆ ಇದು ಬೀಳೋದೇ ಇಲ್ಲ, ಸಾಲು ನೋಡೋಕೆ ಸರಿಯಾಗೇ ಇರುತ್ತೆ.

ಬಿಟ್ಟಿರೋ ಆ ಅಡ್ರೆಸ್‌ಗಳು ಲೈಬ್ರರಿ ಮೆಮರಿಯಲ್ಲಿ ಎಲ್ಲಿ ಕೂತ್ಕೊಂಡ್ತು ಅನ್ನೋದನ್ನ ಹೇಳುತ್ತೆ. ಎರಡು ಸಲ ಹೊಡೆದು ನೋಡಿ, ಎರಡು ಸಲಾನೂ ಬೇರೆ ಬೇರೆ ಬರುತ್ತೆ, ಸೆಕ್ಯುರಿಟಿಗೋಸ್ಕರ ಕರ್ನಲ್ ಪ್ರತಿ ಸಲ ಜಾಗ ಬದಲಾಯಿಸುತ್ತೆ. ಇದೇ ಒಂದು ಸಾಕ್ಷಿ, ಬರೀ ಫೈಲ್ ಓದಿ ಹೇಳೋದಾಗಿದ್ರೆ ಈ ನಂಬರ್ ಬದಲಾಗೋಕೆ ಕಾರಣಾನೇ ಇರ್ತಿರಲಿಲ್ಲ.

ಮೊದಲನೇ ಸಾಲಿಗೆ ಬಾಣ ಇಲ್ಲ, ಯಾಕಂದ್ರೆ ವಿಡಿಎಸ್‌ಓ ಅನ್ನೋ ಫೈಲೇ ಡಿಸ್ಕಲ್ಲಿ ಇಲ್ಲ. ಕರ್ನಲ್ ತಾನೇ ಪ್ರತಿ ಪ್ರೋಸೆಸ್ಸಿನ ಮೆಮರಿಗೆ ಜೋಡಿಸೋ ಒಂದು ಚಿಕ್ಕ ಲೈಬ್ರರಿ ಅದು, ಟೈಮ್ ಎಷ್ಟಾಯ್ತು ಅಂತ ಕೇಳೋವಂಥ ಪದೇ ಪದೇ ಬರೋ ಕೆಲಸಕ್ಕೆ ಸಿಸ್ಟಮ್ ಕಾಲ್ ಖರ್ಚು ಉಳಿಸೋಕೆ ಇರೋದು. ಇದನ್ನ ಡಿಸ್ಕಲ್ಲಿ ಹುಡುಕೋಕೆ ಹೋಗಬೇಡಿ, ಇನ್‌ಸ್ಟಾಲ್ ಮಾಡೋಕಂತೂ ಹೋಗಲೇಬೇಡಿ. ಕೊನೇ ಸಾಲು ಲೋಡರ್ ತಾನೇ.

ನಡುವೆ ಇರೋ ಪಿಸಿಆರ್‌ಇ2 ನೋಡಿ, ಅದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದ್ರೆ ಟೆಕ್ಸ್ಟಲ್ಲಿ ಪ್ಯಾಟರ್ನ್ ಹುಡುಕೋ ಲೈಬ್ರರಿ. ಫೈಲ್ ಹೆಸರು ಪಟ್ಟಿ ಮಾಡೋ ಎಲ್‌ಎಸ್‌ಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಯಾಕೆ ಬೇಕು? ಬೇಡ. ಎಲ್‌ಎಸ್ ಕೇಳಿದ್ದು ಸೆಕ್ಯುರಿಟಿಗೆ ಸಂಬಂಧಿಸಿದ ಸೆಲಿನಕ್ಸ್ ಮತ್ತು ಸಿ ಭಾಷೆಯ ಮೂಲ ಲೈಬ್ರರಿ ಲಿಬ್‌ಸಿ, ಎರಡನ್ನೇ. ಸೆಲಿನಕ್ಸ್ ಲೈಬ್ರರಿಗೆ ಪಿಸಿಆರ್‌ಇ2 ಬೇಕು, ಅದಕ್ಕೋಸ್ಕರ ಅದು ಬಂತು. "ಆಬ್ಜ್‌ಡಂಪ್ -ಪಿ /ಬಿನ್/ಎಲ್‌ಎಸ್" ಅಂತ ಹಾಕಿ ಅದರಲ್ಲಿ ನೀಡೆಡ್ ಅನ್ನೋ ಸಾಲುಗಳನ್ನ ಗ್ರೆಪ್ ಮಾಡಿದ್ರೆ, ಅಂದ್ರೆ ಹುಡುಕಿ ತೆಗೆದ್ರೆ, ಎರಡೇ ಹೆಸರು ಸಿಗುತ್ತೆ, ಎಲ್‌ಡಿಡಿ ಹಾಕಿದ್ರೆ ಇಡೀ ಬಳಗ ಸಿಗುತ್ತೆ. ಮತ್ತೆ ಆ ಬಳಗದ ಸಾಲು ಸುಮ್ನೆ ಯಾವುದೋ ಕ್ರಮದಲ್ಲಿ ಬಂದಿದ್ದಲ್ಲ, ಲೋಡರ್ ಮೊದಲು ಪ್ರೋಗ್ರಾಮ್ ನೇರವಾಗಿ ಕೇಳಿದ್ದೆಲ್ಲಾ ತರುತ್ತೆ, ಆಮೇಲೆ ಅವು ಕೇಳಿದ್ದನ್ನ ತರುತ್ತೆ, ಹಂತ ಹಂತವಾಗಿ. ಒಂದೇ ಹೆಸರಿನ ಫಂಕ್ಷನ್ ಎರಡು ಲೈಬ್ರರಿಯಲ್ಲಿ ಇದ್ರೆ ಸಾಮಾನ್ಯವಾಗಿ ಈ ಕ್ರಮದಲ್ಲಿ ಮೊದಲು ಬಂದಿದ್ದೇ ಗೆಲ್ಲುತ್ತೆ, ಹಾಗಾಗಿ ಕ್ರಮಕ್ಕೂ ಅರ್ಥ ಇದೆ.

ನೇರವಾಗಿ ಕೇಳಿದ್ದು ಮತ್ತು ಸುತ್ತಿ ಬಳಸಿ ಬಂದಿದ್ದು, ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ 2024ರ ಮಾರ್ಚ್ ಕೊನೇಲಿ ಎಲ್ರಿಗೂ ಗೊತ್ತಾಯ್ತು. ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಸಾಫ್ಟ್‌ವೇರಿನ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಬ್ಯಾಕ್‌ಡೋರ್ ಇರೋದನ್ನ ಆಂಡ್ರೆಸ್ ಫ್ರಾಯಿಂಡ್ ಕಂಡುಹಿಡಿದು ಮಾರ್ಚ್ 29ಕ್ಕೆ ಬಹಿರಂಗ ಮಾಡಿದ್ರು, ಅದರ ಗುರಿ ಇದ್ದಿದ್ದು ಬೇರೆ ಮಷೀನಿಂದ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್ ಸರ್ವರ್. ಆದ್ರೆ ಆ ಸರ್ವರ್ ಇರೋ ಓಪನ್‌ಎಸ್‌ಎಸ್‌ಎಚ್ ಕೋಡಲ್ಲಿ ಎಕ್ಸ್‌ಝಡ್‌ನ ಲೈಬ್ರರಿಯಾದ ಲಿಬ್‌ಎಲ್‌ಝಡ್‌ಎಂಎ ಬಳಕೆನೇ ಇಲ್ಲ! ಡೆಬಿಯನ್ ಥರದ ಕೆಲವು ಡಿಸ್ಟ್ರಿಬ್ಯೂಷನ್‌ಗಳು, ಸರ್ವಿಸ್‌ಗಳನ್ನ ಶುರು ಮಾಡಿ ನೋಡ್ಕೊಳ್ಳೋ ಸಿಸ್ಟಮ್‌ಡಿಗೆ "ನಾನು ರೆಡಿ" ಅಂತ ಸಂದೇಶ ಕೊಡೋಕೆ ಒಂದು ಪ್ಯಾಚ್ ಹಾಕಿದ್ವು, ಆ ಪ್ಯಾಚಿಂದ ಲಿಬ್‌ಸಿಸ್ಟಮ್‌ಡಿ ಒಳಗೆ ಬಂತು, ಲಿಬ್‌ಸಿಸ್ಟಮ್‌ಡಿ ತನ್ನ ಜೊತೆ ಲಿಬ್‌ಎಲ್‌ಝಡ್‌ಎಂಎ ಕರ್ಕೊಂಡು ಬಂತು. ಎಸ್‌ಎಸ್‌ಎಚ್‌ಡಿ ಫೈಲ್ ಮೇಲೆ ಆಬ್ಜ್‌ಡಂಪ್ ಹಾಕಿ ನೀಡೆಡ್ ಎಂಟ್ರಿ ನೋಡಿದವರಿಗೆ ಇದು ಕಾಣಲ್ಲ, ಎಲ್‌ಡಿಡಿ ಹಾಕಿದವರಿಗೆ ಕಾಣುತ್ತೆ. ಒಂದು ಪ್ರೋಗ್ರಾಮ್ ಯಾವ ಯಾವ ಕೋಡನ್ನ ನಂಬ್ಕೊಂಡಿದೆ ಅಂತ ಕೇಳಿದಾಗ ಉತ್ತರ ಆ ಇಡೀ ಬಳಗ, ಮೊದಲ ಸಾಲಲ್ಲಿ ನಿಂತವರಷ್ಟೇ ಅಲ್ಲ.

ಸರಿ, ತಾಲೀಮು ಹೇಗೆ ನಡೆಯುತ್ತೆ? ಗ್ನೂ ಸಿ ಲೈಬ್ರರಿ, ಅಂದ್ರೆ ಜಿಲಿಬ್‌ಸಿ ಜೊತೆ ಬರೋ ಎಲ್‌ಡಿಡಿ ಒಂದು ಬ್ಯಾಶ್ ಸ್ಕ್ರಿಪ್ಟ್, ಟೆಕ್ಸ್ಟ್ ಎಡಿಟರಲ್ಲಿ ತೆಗೆದು ಓದಬಹುದು, ಒಂದು ಸಲ ಓದಿ ಅಂತಾನೇ ಹೇಳ್ತೀನಿ, ದೊಡ್ಡದೇನಿಲ್ಲ. ಅದು ಮಾಡೋದು ಇಷ್ಟು: ಎಲ್‌ಡಿ_ಟ್ರೇಸ್_ಲೋಡೆಡ್_ಆಬ್ಜೆಕ್ಟ್ಸ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನ 1 ಅಂತ ಸೆಟ್ ಮಾಡಿ ಲೋಡರನ್ನ ಕರೆಯುತ್ತೆ. ಲೋಡರ್ ಅದನ್ನ ನೋಡಿ, ಎಂದಿನ ಹಾಗೆ ಎಲ್ಲಾ ಲೈಬ್ರರಿ ಹುಡುಕಿ ಜೋಡಿಸಿ, ಏನೇನು ಸಿಕ್ತು ಅಂತ ಪ್ರಿಂಟ್ ಮಾಡಿ, ಪ್ರೋಗ್ರಾಮಿಗೆ ಕಂಟ್ರೋಲ್ ಕೊಡದೆ ಅಲ್ಲೇ ನಿಲ್ಲಿಸುತ್ತೆ. ಎಲ್‌ಡಿಡಿ ಇಲ್ಲದೆ ನೀವೇ ಆ ವೇರಿಯಬಲ್ ಸೆಟ್ ಮಾಡಿ ಎಲ್‌ಎಸ್ ರನ್ ಮಾಡಿ ನೋಡಿ, ಫೈಲ್ ಪಟ್ಟಿ ಬದಲು ಲೈಬ್ರರಿ ಪಟ್ಟಿ ಬರುತ್ತೆ.

ಅಪಾಯ ಇರೋದೂ ಇಲ್ಲೇ. ಲೋಡರ್ ಯಾವುದು ಅಂತ ಹೇಳೋ ಇಂಟರ್‌ಪ್ರಿಟರ್ ಎಂಟ್ರಿ ಪ್ರೋಗ್ರಾಮ್ ಫೈಲ್ ಒಳಗೆ ಇರುತ್ತೆ ಅಂದೆ ಅಲ್ವಾ, ಕೆಟ್ಟ ಉದ್ದೇಶ ಇರೋರು ಅಲ್ಲಿ ತಮ್ಮದೇ ಲೋಡರ್ ಹೆಸರು ಬರೆದ್ರೆ? ಆ ಲೋಡರ್ ನಮ್ಮ ವೇರಿಯಬಲ್ಲಿಗೆ ಬೆಲೆ ಕೊಡದೆ ತನಗೆ ಬೇಕಾದ ಕೋಡ್ ಓಡಿಸಬಹುದು. ಜಿಲಿಬ್‌ಸಿ 2.27ಕ್ಕಿಂತ ಹಿಂದಿನ ಮೂಲ ಎಲ್‌ಡಿಡಿ ಕೆಲವು ಸಂದರ್ಭದಲ್ಲಿ ಪ್ರೋಗ್ರಾಮನ್ನ ನೇರವಾಗಿ ಎಕ್ಸಿಕ್ಯೂಟ್ ಮಾಡ್ತಿತ್ತು, ಬಹಳಷ್ಟು ಡಿಸ್ಟ್ರಿಬ್ಯೂಷನ್‌ಗಳು ಅದನ್ನ ಮೊದಲೇ ತಿದ್ದಿ ಕೊಡ್ತಿದ್ವು. ಈಗ ಸಿಸ್ಟಮ್ಮಿನ ಲೋಡರ್ ಮೂಲಕವೇ ನಡೆಸುತ್ತೆ, ಆದ್ರೂ ಮ್ಯಾನ್ ಪೇಜಲ್ಲಿ ಎಚ್ಚರಿಕೆ ಹಾಗೇ ಇದೆ: ನಂಬಿಕೆ ಇಲ್ಲದ ಎಕ್ಸಿಕ್ಯೂಟಬಲ್ ಮೇಲೆ ಎಲ್‌ಡಿಡಿ ಓಡಿಸಬೇಡಿ. ಇದನ್ನ ದಯವಿಟ್ಟು ಸೀರಿಯಸ್ ಆಗಿ ತಗೊಳ್ಳಿ, ಅದರಲ್ಲೂ ರೂಟ್ ಆಗಿ ಲಾಗಿನ್ ಆಗಿರೋವಾಗ ಯಾರೋ ಕಳಿಸಿದ ಬೈನರಿ ಮೇಲೆ "ಸುಮ್ನೆ ನೋಡೋಣ" ಅಂತ ಎಲ್‌ಡಿಡಿ ಹಾಕೋದು ಬೇಡವೇ ಬೇಡ. ಆಬ್ಜ್‌ಡಂಪ್ -ಪಿ ಅಥವಾ ರೀಡ್‌ಎಲ್ಫ್ -ಡಿ ಬರೀ ಫೈಲ್ ಓದುತ್ತೆ, ಏನೂ ಲೋಡ್ ಮಾಡಲ್ಲ. ಬೇರೆ ಆರ್ಕಿಟೆಕ್ಚರಿನ ಫೈಲಿಗೂ, ಉದಾಹರಣೆಗೆ ಇಂಟೆಲ್ ಮಷೀನಲ್ಲಿ ಕೂತು ಆರ್ಮ್ ಬೈನರಿ ನೋಡೋಕೆ, ರೀಡ್‌ಎಲ್ಫೇ ಸರಿಯಾದ ದಾರಿ. ಪೂರ್ತಿ ಮರ ಬೇಕು, ಓಡಿಸೋದೂ ಬೇಡ ಅನ್ನೋರಿಗೆ ಪ್ಯಾಕ್ಸ್-ಯೂಟಿಲ್ಸ್ ಪ್ಯಾಕೇಜಲ್ಲಿ ಎಲ್‌ಡಿಡಿಟ್ರೀ ಅಂತ ಒಂದಿದೆ, ಯಾರು ಯಾರನ್ನ ಕರ್ಕೊಂಡು ಬಂದ್ರು ಅನ್ನೋದನ್ನ ಇಂಡೆಂಟ್ ಮಾಡಿ ತೋರಿಸುತ್ತೆ.

ಈಗ ಮುಖ್ಯವಾದ ಭಾಗ, ಹುಡುಕೋ ಕ್ರಮ. ಲೋಡರಿಗೆ ಒಂದು ಹೆಸರು ಸಿಕ್ಕಾಗ ಅದು ಇಡೀ ಡಿಸ್ಕ್ ಜಾಲಾಡಲ್ಲ. ಎಲ್ಲೆಲ್ಲಿ ಹುಡುಕಬೇಕು ಅನ್ನೋ ಡೈರೆಕ್ಟರಿ ಪಟ್ಟಿಯನ್ನ ಫೈಲ್ ಒಳಗೇ ಆರ್‌ಪಾತ್ ಅಥವಾ ರನ್‌ಪಾತ್ ಅನ್ನೋ ಹೆಸರಲ್ಲಿ ಬರೆದಿಡಬಹುದು. ಮೊದಲು ಆರ್‌ಪಾತ್ ಇದ್ರೆ ಅಲ್ಲಿ ನೋಡುತ್ತೆ, ಆದ್ರೆ ರನ್‌ಪಾತ್ ಅಂತಾನೂ ಇದ್ರೆ ಆರ್‌ಪಾತನ್ನ ಕಡೆಗಣಿಸುತ್ತೆ. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್. ಆಮೇಲೆ ರನ್‌ಪಾತ್. ಆಮೇಲೆ /ಇಟಿಸಿ/ಎಲ್‌ಡಿ.ಎಸ್‌ಓ.ಕ್ಯಾಶ್ ಅನ್ನೋ ಕ್ಯಾಶ್ ಫೈಲ್, ಕೊನೆಗೆ /ಲಿಬ್ ಮತ್ತು /ಯುಎಸ್‌ಆರ್/ಲಿಬ್, 64 ಬಿಟ್ ಸಿಸ್ಟಮ್ಮುಗಳಲ್ಲಿ ಕೆಲವು ಕಡೆ /ಲಿಬ್64 ಮತ್ತು /ಯುಎಸ್‌ಆರ್/ಲಿಬ್64.

ಕ್ಯಾಶ್ ವಿಷಯ ಬೇಗ ಹೇಳ್ಬಿಡ್ತೀನಿ. ಹೊಸ ಲೈಬ್ರರಿಯನ್ನ /ಯುಎಸ್‌ಆರ್/ಲೋಕಲ್/ಲಿಬ್‌ಗೆ ಹಾಕಿ, ಅದು ಕಣ್ಣೆದುರಿಗೇ ಇದ್ದು, ಆದ್ರೂ ಎಲ್‌ಡಿಡಿ ನಾಟ್ ಫೌಂಡ್ ಅಂದ್ರೆ ಬಹುತೇಕ ಆ ಕ್ಯಾಶನ್ನ ಹೊಸದಾಗಿ ಬರೆಯೋ ಎಲ್‌ಡಿಕಾನ್ಫಿಗ್ ಓಡಿಸಿಲ್ಲ ಅಂತ ಅರ್ಥ, ಅಥವಾ ಎಲ್‌ಡಿಕಾನ್ಫಿಗ್ ನೋಡೋ ಡೈರೆಕ್ಟರಿಗಳ ಪಟ್ಟಿ ಇರೋ ಎಲ್‌ಡಿ.ಎಸ್‌ಓ.ಕಾನ್ಫ್ ಲಿಸ್ಟಲ್ಲೇ ಆ ಡೈರೆಕ್ಟರಿ ಇಲ್ಲ ಅಂತ. ರೂಟ್ ಆಗಿ ಎಲ್‌ಡಿಕಾನ್ಫಿಗ್ ಒಂದು ಸಲ ಓಡಿಸಿ, ಆಮೇಲೆ "ಎಲ್‌ಡಿಕಾನ್ಫಿಗ್ -ಪಿ" ಹಾಕಿದ್ರೆ ಕ್ಯಾಶಲ್ಲಿ ಏನೇನಿದೆ ಅಂತ ಕಾಣುತ್ತೆ.

ಎಲ್‌ಡಿ_ಲೈಬ್ರರಿ_ಪಾತ್ ಜಾಸ್ತಿ ಜನರನ್ನ ದಾರಿ ತಪ್ಪಿಸೋದು. ಟರ್ಮಿನಲ್ಲಲ್ಲಿ ಎಲ್‌ಡಿಡಿ ಹಾಕಿದ್ರೆ ಎಲ್ಲಾ ಲೈಬ್ರರಿ ಸಿಗುತ್ತೆ, ಅದೇ ಪ್ರೋಗ್ರಾಮನ್ನ ಸಿಸ್ಟಮ್‌ಡಿ ಸರ್ವಿಸ್ ಆಗಿ ಶುರು ಮಾಡಿದ್ರೆ ಲೈಬ್ರರಿ ಇಲ್ಲ ಅಂತ ಸಾಯುತ್ತೆ. ಕಾರಣ ನೋಡಿದ್ರೆ ಆ ವೇರಿಯಬಲ್ ಟರ್ಮಿನಲ್ ತೆರೆದಾಗ ಶೆಲ್ ಓದೋ ಬ್ಯಾಶ್‌ಆರ್‌ಸಿ ಫೈಲಲ್ಲಿ ಎಕ್ಸ್‌ಪೋರ್ಟ್ ಆಗಿರುತ್ತೆ, ಸರ್ವಿಸಿಗೆ ಬ್ಯಾಶ್‌ಆರ್‌ಸಿ ಗೊತ್ತೇ ಇಲ್ಲ. ಸುಡೋ ಮೂಲಕ ಓಡಿಸಿದ್ರೂ ಅದು ಹೋಗ್ಬಿಡುತ್ತೆ. ಎಲ್‌ಡಿಡಿ ಸುಳ್ಳು ಹೇಳಿಲ್ಲ, ಅದು ನಿಮ್ಮ ಶೆಲ್ಲಲ್ಲಿ ನಡೆದ ತಾಲೀಮಿನ ವರದಿ ಕೊಟ್ಟಿದೆ, ಸರ್ವಿಸ್ ಓಡೋದು ಬೇರೆ ಎನ್ವಿರಾನ್‌ಮೆಂಟಲ್ಲಿ. ಹಾಗಾಗಿ ಸರ್ವಿಸ್ ಸಮಸ್ಯೆ ಹುಡುಕೋವಾಗ "ಎನ್ವ್ -ಐ ಎಲ್‌ಡಿಡಿ" ಅಂತ ಖಾಲಿ ಎನ್ವಿರಾನ್‌ಮೆಂಟಲ್ಲಿ ಓಡಿಸಿ ನೋಡೋದು ಒಳ್ಳೇದು, ನನಗೆ ಇದು ಈಗ ಕೈಗೆ ಅಂಟಿದ ಅಭ್ಯಾಸ.

ಇದರ ಇನ್ನೊಂದು ಮುಖ ಇನ್ನೂ ಸೂಕ್ಷ್ಮ. ಒಂದು ಪ್ರೋಗ್ರಾಮ್ ರೂಟ್ ಅಲ್ಲದೆ ಪೋರ್ಟ್ 80ರಲ್ಲಿ ಕೇಳಲಿ ಅಂತ ಸೆಟ್‌ಕ್ಯಾಪ್ ಬಳಸಿ ಅದಕ್ಕೆ ಕೇಪಬಿಲಿಟಿ, ಅಂದ್ರೆ ರೂಟಿನ ಅಧಿಕಾರದಲ್ಲಿ ಒಂದು ಭಾಗ, ಕೊಡ್ತೀವಿ ಅಂತಿಟ್ಕೊಳ್ಳಿ. ಆ ಕ್ಷಣದಿಂದ ಕರ್ನಲ್ ಅದನ್ನ ಸುರಕ್ಷಿತ ಮೋಡಲ್ಲಿ ಶುರು ಮಾಡುತ್ತೆ, ಆ ಮೋಡಲ್ಲಿ ಲೋಡರ್ ಎಲ್‌ಡಿ_ಲೈಬ್ರರಿ_ಪಾತನ್ನ ಪೂರ್ತಿ ಕಡೆಗಣಿಸುತ್ತೆ, ಇಲ್ಲಾಂದ್ರೆ ಯಾರು ಬೇಕಾದ್ರೂ ತಮ್ಮ ಲೈಬ್ರರಿ ತುರುಕಿ ಆ ಅಧಿಕಾರ ಕದೀಬಹುದಲ್ವಾ. ಆದ್ರೆ ಎಲ್‌ಡಿಡಿ ಆ ಫೈಲನ್ನ ಮಾಮೂಲಿ ಲೋಡರ್ ಮೂಲಕ ಓಡಿಸೋದ್ರಿಂದ ಅಲ್ಲಿ ಆ ಮೋಡ್ ಜಾರಿ ಆಗಲ್ಲ, ವೇರಿಯಬಲ್ ಕೆಲಸ ಮಾಡುತ್ತೆ, ಎಲ್ಲಾ ಸಿಕ್ತು ಅಂತ ತೋರಿಸುತ್ತೆ. ನಿಜವಾಗಿ ಓಡಿಸಿದ್ರೆ ಸಿಗಲ್ಲ. ಈ ಕಾರಣ ಗೊತ್ತಿಲ್ಲದೆ ಇದನ್ನ ಹುಡುಕೋದು ತುಂಬಾ ಕಷ್ಟ, ಯಾಕಂದ್ರೆ ನಾವು ನಂಬೋ ಸಾಧನವೇ ಎಲ್ಲಾ ಸರಿ ಇದೆ ಅಂತಿದೆ.

ಆರ್‌ಪಾತ್ ಮತ್ತು ರನ್‌ಪಾತ್ ಹೆಸರು ಕೇಳೋಕೆ ಅಣ್ಣ ತಮ್ಮ ಇದ್ದ ಹಾಗಿದ್ರೂ ಗುಣ ಬೇರೆ. ಆರ್‌ಪಾತ್ ಪ್ರೋಗ್ರಾಮಲ್ಲಿ ಇದ್ರೆ ಅದರ ಲೈಬ್ರರಿಗಳು ಕೇಳೋ ಲೈಬ್ರರಿಗಳಿಗೂ ಅನ್ವಯಿಸುತ್ತೆ, ರನ್‌ಪಾತ್ ಹಾಗಲ್ಲ, ಯಾವ ಫೈಲಲ್ಲಿ ಇದೆಯೋ ಆ ಫೈಲ್ ನೇರವಾಗಿ ಕೇಳಿದ್ದಕ್ಕೆ ಮಾತ್ರ. ನಮ್ಮ ಆಪ್ ಜೊತೆ ಒಂದು ಲಿಬ್ ಫೋಲ್ಡರ್ ಕೊಟ್ಟು, ಆಪಿಗೆ ರನ್‌ಪಾತ್ ಹಾಕಿ, ಆ ಫೋಲ್ಡರಲ್ಲಿ ಲಿಬ್‌ಎ ಮತ್ತು ಲಿಬ್‌ಬಿ ಇಟ್ಟಿದೀವಿ. ಆಪ್ ಕೇಳೋದು ಲಿಬ್‌ಎ, ಲಿಬ್‌ಎ ಕೇಳೋದು ಲಿಬ್‌ಬಿ. ಎಲ್‌ಡಿಡಿ ಹಾಕಿದ್ರೆ ಲಿಬ್‌ಎ ಸಿಕ್ತು, ಲಿಬ್‌ಬಿ ನಾಟ್ ಫೌಂಡ್, ಎರಡೂ ಒಂದೇ ಫೋಲ್ಡರಲ್ಲಿ ಅಕ್ಕಪಕ್ಕ ಇದ್ರೂ! ಲಿಬ್‌ಬಿಯನ್ನ ಕೇಳಿದ್ದು ಲಿಬ್‌ಎ, ಅದರೊಳಗೆ ರನ್‌ಪಾತ್ ಬರೆದಿಲ್ಲ, ಅದಕ್ಕೇ ಸಿಗ್ಲಿಲ್ಲ. ಪರಿಹಾರ ಲಿಬ್‌ಎ ಒಳಗೂ ರನ್‌ಪಾತ್ ಬರೆಯೋದು, ಪ್ಯಾಚ್‌ಎಲ್ಫ್ ಅನ್ನೋ ಟೂಲ್ ಇದನ್ನ ಬಿಲ್ಡ್ ಆದ ಮೇಲೂ ಮಾಡಿಕೊಡುತ್ತೆ, ಪಾತ್ ಕೊಡೋವಾಗ ಡಾಲರ್ ಚಿಹ್ನೆ ಹಾಕಿ ಒರಿಜಿನ್ ಅಂತ ಬರೆದ್ರೆ ಆ ಫೈಲ್ ಇರೋ ಜಾಗ ಅಂತ ಲೋಡರ್ ಅರ್ಥ ಮಾಡ್ಕೊಳ್ಳುತ್ತೆ, ಆಗ ಇಡೀ ಫೋಲ್ಡರನ್ನ ಎಲ್ಲಿಗೆ ಬೇಕಾದ್ರೂ ಸಾಗಿಸಬಹುದು. ಈಗಿನ ಬಹುತೇಕ ಡಿಸ್ಟ್ರಿಬ್ಯೂಷನ್‌ಗಳಲ್ಲಿ ಲಿಂಕರ್ ತಾನಾಗೇ ಬರೆಯೋದು ರನ್‌ಪಾತೇ, ಹಾಗಾಗಿ ಹಳೇ ಕಾಲದ ಸಲಹೆ ಓದಿ ಆರ್‌ಪಾತ್ ಹಾಕಿದೀನಿ ಅಂದ್ಕೊಂಡವರು ನಿಜವಾಗಿ ಹಾಕಿರೋದು ರನ್‌ಪಾತ್ ಆಗಿರಬಹುದು, ರೀಡ್‌ಎಲ್ಫ್ -ಡಿ ಹಾಕಿ ಒಂದ್ಸಲ ನೋಡ್ಕೊಳ್ಳಿ.

ಇನ್ನು ನಾಟ್ ಫೌಂಡ್ ಬಂದಾಗ ಏನು ಮಾಡಬೇಕು ಅನ್ನೋದು. ತುಂಬಾ ಸಾಮಾನ್ಯವಾದ ಉದಾಹರಣೆ ಲಿಬ್‌ಎಸ್‌ಎಸ್‌ಎಲ್.ಎಸ್‌ಓ.1.1. ಉಬುಂಟು 20.04ರಲ್ಲಿ ಬಿಲ್ಡ್ ಆದ ಪ್ರೋಗ್ರಾಮ್ ಇದನ್ನ ಕೇಳುತ್ತೆ, 22.04ರಲ್ಲಿ ಇರೋದು ಓಪನ್‌ಎಸ್‌ಎಸ್‌ಎಲ್ ಅನ್ನೋ ಎನ್‌ಕ್ರಿಪ್ಷನ್ ಲೈಬ್ರರಿಯ 3ನೇ ವರ್ಷನ್, ಅದರ ಫೈಲ್ ಹೆಸರು ಲಿಬ್‌ಎಸ್‌ಎಸ್‌ಎಲ್.ಎಸ್‌ಓ.3. ಇಲ್ಲಿ ಎಷ್ಟೋ ಜನ ಕೊಡೋ ಸಲಹೆ, ಮೂರನ್ನ ತೋರಿಸೋ ಹಾಗೆ 1.1 ಹೆಸರಲ್ಲಿ ಒಂದು ಸಿಮ್‌ಲಿಂಕ್, ಅಂದ್ರೆ ಬೇರೆ ಫೈಲಿಗೆ ಕಳಿಸೋ ಅಡ್ಡಹೆಸರು, ಹಾಕಿ ಅಂತ. ದಯವಿಟ್ಟು ಹಾಕಬೇಡಿ. ಹೆಸರಿನ ಕೊನೇ ನಂಬರ್ ಅಲಂಕಾರಕ್ಕೆ ಇಟ್ಟಿದ್ದಲ್ಲ, ಆ ನಂಬರ್ ಸೇರಿದ ಇಡೀ ಹೆಸರನ್ನ ಎಸ್‌ಓನೇಮ್ ಅಂತಾರೆ, ನಂಬರ್ ಬದಲಾಯ್ತು ಅಂದ್ರೆ ಲೈಬ್ರರಿ ಬರೆದವರು "ಹಳೇ ಪ್ರೋಗ್ರಾಮ್‌ಗಳ ಜೊತೆ ಇದು ಹೊಂದಲ್ಲ" ಅಂತ ಕೊಟ್ಟಿರೋ ಮಾತು. ಸಿಮ್‌ಲಿಂಕ್ ಹಾಕಿದ್ರೆ ನಾಟ್ ಫೌಂಡ್ ಮಾಯ ಆಗುತ್ತೆ, ಅದರ ಬದಲು ವರ್ಷನ್ ಸಿಗ್ಲಿಲ್ಲ ಅನ್ನೋ ಎರರ್ ಬರುತ್ತೆ. ಸಿಂಬಲ್‌ಗಳಿಗೆ, ಅಂದ್ರೆ ಒಳಗಿನ ಫಂಕ್ಷನ್ ಮುಂತಾದವುಗಳ ಹೆಸರಿಗೆ, ವರ್ಷನ್ ಇಲ್ಲದ ಲೈಬ್ರರಿಯಾಗಿದ್ರೆ ಇನ್ನೂ ಕೆಟ್ಟದು, ಪ್ರೋಗ್ರಾಮ್ ಶುರುವಾಗಿ ಎಲ್ಲೋ ನಡುವೆ ಮೆಮರಿ ಕೆಡಿಸ್ಕೊಂಡು ಬೀಳುತ್ತೆ. ಸರಿಯಾದ ದಾರಿ ಆ ಪ್ರೋಗ್ರಾಮಿನ ಹೊಸ ಬಿಲ್ಡ್ ತಗೊಳ್ಳೋದು, ಇಲ್ಲಾಂದ್ರೆ ಅದಕ್ಕೆ ಬೇಕಾದ ಹಳೇ ಲೈಬ್ರರಿಯನ್ನ ಅದರ ಫೋಲ್ಡರಲ್ಲೇ ಇಟ್ಟು ಕೊಡೋದು, ಪ್ರೋಗ್ರಾಮನ್ನ ಅದಕ್ಕೆ ಬೇಕಾದ ಫೈಲುಗಳ ಜೊತೆ ಬೇರೆಯಾಗಿ ಓಡಿಸೋ ಕಂಟೇನರ್ ಆದ್ರೂ ಆಗಬಹುದು.

ವರ್ಷನ್ ಎರರ್ ಅಂದ ಮೇಲೆ ಅದರ ಬಗ್ಗೆ ಒಂದು ಮಾತು. "ವರ್ಷನ್ ಜಿಲಿಬ್‌ಸಿ_2.34 ನಾಟ್ ಫೌಂಡ್" ಅಂತ ಬಂದ್ರೆ ಲೈಬ್ರರಿ ಇಲ್ಲ ಅಂತ ಅಲ್ಲ. ಲಿಬ್‌ಸಿ.ಎಸ್‌ಓ.6 ಇದೆ, ಎಲ್‌ಡಿಡಿ ಅದರ ಪಾತನ್ನೂ ತೋರಿಸುತ್ತೆ, ಆದ್ರೆ ಅದರೊಳಗೆ ಪ್ರೋಗ್ರಾಮ್ ಕೇಳೋ ಹೊಸ ವರ್ಷನ್ನಿನ ಫಂಕ್ಷನ್ ಇಲ್ಲ. ಜಿಲಿಬ್‌ಸಿ 1997ರಿಂದಲೂ ಅದೇ 6 ಅನ್ನೋ ನಂಬರ್ ಇಟ್ಕೊಂಡು ಬಂದಿದೆ, ಹೊಸದು ಸೇರಿಸಿದಾಗ ಒಳಗಿನ ಸಿಂಬಲ್‌ಗಳಿಗೆ ಹೊಸ ವರ್ಷನ್ ಲೇಬಲ್ ಅಂಟಿಸುತ್ತೆ, ಹಳೇದನ್ನ ಉಳಿಸ್ಕೊಳ್ಳುತ್ತೆ. ಹಾಗಾಗಿ ಹಳೇ ಸಿಸ್ಟಮ್ಮಲ್ಲಿ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡುತ್ತೆ, ಹೊಸದರಲ್ಲಿ ಮಾಡಿದ್ದು ಹಳೇದರಲ್ಲಿ ಓಡದೇ ಇರಬಹುದು. ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35, 20.04ರಲ್ಲಿ 2.31, ಲೆಕ್ಕ ನೀವೇ ಹಾಕಿ. 2021ರ ಆಗಸ್ಟಲ್ಲಿ ಬಂದ 2.34ರಲ್ಲೇ ಪಿಥ್ರೆಡ್ ಮತ್ತು ಡಿಎಲ್ ಲೈಬ್ರರಿಗಳನ್ನ ಲಿಬ್‌ಸಿ ಒಳಗೆ ಸೇರಿಸಿದ್ರು, ಹೊಸ ಸಿಸ್ಟಮ್ಮಲ್ಲಿ ಬಿಲ್ಡ್ ಆದ ಪ್ರೋಗ್ರಾಮಿನ ಎಲ್‌ಡಿಡಿ ಲಿಸ್ಟಲ್ಲಿ ಲಿಬ್‌ಪಿಥ್ರೆಡ್ ಕಾಣದೇ ಇದ್ರೆ ಗಾಬರಿ ಬೇಡ, ಅದಕ್ಕೆ ಇದೇ ಕಾರಣ. ಯಾವ ಫೈಲ್ ಯಾವ ವರ್ಷನ್ ಕೇಳ್ತಿದೆ ಅಂತ ನೋಡೋಕೆ "ಎಲ್‌ಡಿಡಿ -ವಿ" ಇದೆ. "-ಆರ್" ಹಾಕಿದ್ರೆ ಸಿಂಬಲ್‌ಗಳನ್ನ ಜೋಡಿಸೋಕೂ ಪ್ರಯತ್ನ ಮಾಡಿ ಯಾವ ಫಂಕ್ಷನ್ ಸಿಗ್ಲಿಲ್ಲ ಅಂತ ಹೇಳುತ್ತೆ, ಇದು ಪ್ಲಗಿನ್ ಬರೆಯೋರಿಗೆ ಬಹಳ ಉಪಯೋಗ. "-ಯು" ಅನ್ನೋದು ಕೇಳಿದ್ರೂ ಬಳಸದೇ ಇರೋ ನೇರ ಲೈಬ್ರರಿಗಳನ್ನ ತೋರಿಸುತ್ತೆ.

"ನಾಟ್ ಎ ಡೈನಾಮಿಕ್ ಎಕ್ಸಿಕ್ಯೂಟಬಲ್" ಅನ್ನೋ ಉತ್ತರಕ್ಕೆ ಒಂದೇ ಅರ್ಥ ಇಲ್ಲ. ಪ್ರೋಗ್ರಾಮ್ ನಿಜವಾಗಿ ಸ್ಟ್ಯಾಟಿಕ್ ಆಗಿರಬಹುದು, ಗೋ ಭಾಷೆಯ ಎಷ್ಟೋ ಪ್ರೋಗ್ರಾಮ್‌ಗಳು ಹಾಗೇ ಇರುತ್ತೆ. ಶೆಲ್ ಸ್ಕ್ರಿಪ್ಟ್ ಆಗಿರಬಹುದು. 32 ಬಿಟ್ ಪ್ರೋಗ್ರಾಮ್ ಆಗಿದ್ದು ಈ ಮಷೀನಲ್ಲಿ 32 ಬಿಟ್ ಲೋಡರ್ ಇಲ್ಲದೇ ಇರಬಹುದು, ಬೇರೆ ಆರ್ಕಿಟೆಕ್ಚರ್ ಕೂಡ ಆಗಿರಬಹುದು. ಈ ಎಲ್ಲಾ ಕಡೆ ಎಲ್‌ಡಿಡಿ ಹೇಳೋದು "ನನ್ನ ಹತ್ರ ಇರೋ ಯಾವ ಲೋಡರ್ರೂ ಇದನ್ನ ಒಪ್ಪಲಿಲ್ಲ" ಅಂತ ಅಷ್ಟೇ. "ಫೈಲ್" ಕಮಾಂಡ್ ಓಡಿಸಿದ್ರೆ ಯಾವುದು ಅಂತ ಒಂದೇ ಸಾಲಲ್ಲಿ ಗೊತ್ತಾಗುತ್ತೆ, ಇಂಟರ್‌ಪ್ರಿಟರ್ ಹೆಸರು ಕೂಡ. ಫೈಲ್ ಕಣ್ಣೆದುರು ಇದ್ರೂ ರನ್ ಮಾಡಿದ್ರೆ "ನೋ ಸಚ್ ಫೈಲ್" ಅಂತ ಬರೋ ತಲೆನೋವಿಗೂ ಅದೇ ಮದ್ದು, ಇಲ್ಲದೇ ಇರೋದು ನಿಮ್ಮ ಫೈಲ್ ಅಲ್ಲ, ಅದು ಕೇಳೋ ಲೋಡರ್. ಜಿಲಿಬ್‌ಸಿಗೆ ಬಿಲ್ಡ್ ಮಾಡಿದ್ದನ್ನ ಆಲ್ಪೈನ್ ಅನ್ನೋ ಚಿಕ್ಕ ಲಿನಕ್ಸ್ ಡಿಸ್ಟ್ರಿಬ್ಯೂಷನ್ನಿನ ಕಂಟೇನರಲ್ಲಿ ಓಡಿಸಿದ್ರೆ ಇದೇ ಆಗುತ್ತೆ, ಆಲ್ಪೈನ್ ಬಳಸೋದು ಮಸಲ್ ಅನ್ನೋ ಬೇರೆ ಸಿ ಲೈಬ್ರರಿ, ಅಲ್ಲಿ ಲೋಡರ್ರಿನ ಹೆಸರೇ ಬೇರೆ. ಮಸಲ್‌ನಲ್ಲಿ ಸ್ಕ್ರಿಪ್ಟ್ ತಾಪತ್ರಯ ಇಲ್ಲ, ಲೋಡರನ್ನೇ ಎಲ್‌ಡಿಡಿ ಅನ್ನೋ ಹೆಸರಲ್ಲಿ ಕರೆದ್ರೆ ಅದೇ ಪಟ್ಟಿ ಕೊಡುತ್ತೆ. ಮ್ಯಾಕ್‌ನಲ್ಲಿ ಎಲ್‌ಡಿಡಿ ಇಲ್ಲ, ಓಟೂಲ್ -ಎಲ್ ಇದೆ, ಅದು ನೇರವಾಗಿ ಕೇಳಿದ್ದನ್ನ ಮಾತ್ರ ತೋರಿಸುತ್ತೆ, ಮ್ಯಾಕ್‌ಓಎಸ್ 11ರಿಂದ ಸಿಸ್ಟಮ್ ಲೈಬ್ರರಿಗಳು ಒಂದು ದೊಡ್ಡ ಕ್ಯಾಶ್ ಒಳಗೆ ಸೇರಿರೋದ್ರಿಂದ ಅದು ತೋರಿಸಿದ ಪಾತಲ್ಲಿ ಫೈಲ್ ಇರಲ್ಲ. ವಿಂಡೋಸಲ್ಲಿ ವಿಶುವಲ್ ಸ್ಟುಡಿಯೋ ಜೊತೆ ಬರೋ ಡಂಪ್‌ಬಿನ್ ಈ ಕೆಲಸ ಮಾಡುತ್ತೆ.

ಇಷ್ಟೆಲ್ಲಾ ಆದ್ರೂ ಎಲ್‌ಡಿಡಿ ಕಣ್ಣಿಗೆ ಬೀಳದ ಒಂದು ದೊಡ್ಡ ಗುಂಪಿದೆ, ಪ್ರೋಗ್ರಾಮ್ ಓಡ್ತಾ ಓಡ್ತಾ ಡಿಎಲ್‌ಓಪನ್ ಅನ್ನೋ ಫಂಕ್ಷನ್ ಕರೆದು ತಾನೇ ತರಿಸ್ಕೊಳ್ಳೋ ಲೈಬ್ರರಿಗಳು. ಪೈಥಾನಿನ ಸಿ ಮಾಡ್ಯೂಲ್‌ಗಳು, ವೆಬ್ ಸರ್ವರಿನ ಮಾಡ್ಯೂಲ್‌ಗಳು, ಗ್ರಾಫಿಕ್ಸ್ ಡ್ರೈವರ್‌ಗಳು, ಲಾಗಿನ್ ಟೈಮಲ್ಲಿ ಬರೋ ಪ್ಯಾಮ್ ಮಾಡ್ಯೂಲ್‌ಗಳು, ಎಲ್ಲಾ ಹೀಗೇ. ತಾಲೀಮು ಪ್ರೋಗ್ರಾಮ್ ಶುರುವಾಗೋ ಬಾಗಿಲಲ್ಲೇ ಮುಗಿಯೋದ್ರಿಂದ ಒಳಗೆ ಹೋದ ಮೇಲೆ ಕರೆಸ್ಕೊಳ್ಳೋರು ಲೆಕ್ಕಕ್ಕೆ ಬರಲ್ಲ. ಕಂಟೇನರ್ ಚಿಕ್ಕದು ಮಾಡೋಕೆ ಎಲ್‌ಡಿಡಿ ಲಿಸ್ಟಲ್ಲಿ ಇರೋದನ್ನ ಮಾತ್ರ ಕಾಪಿ ಮಾಡೋ ಸ್ಕ್ರಿಪ್ಟ್‌ಗಳು ಇಲ್ಲೇ ಎಡವೋದು: ಪ್ರೋಗ್ರಾಮ್ ಚೆನ್ನಾಗಿ ಶುರುವಾಗುತ್ತೆ, ಆಮೇಲೆ ಹೋಸ್ಟ್ ಹೆಸರು ಹುಡುಕೋವಾಗಲೋ ಯೂಸರ್ ಹೆಸರು ಹುಡುಕೋವಾಗಲೋ ಕೈಕೊಡುತ್ತೆ, ಯಾಕಂದ್ರೆ ಜಿಲಿಬ್‌ಸಿ ಆ ಕೆಲಸಕ್ಕೆ ಬೇಕಾದ ಕೆಲವು ಲೈಬ್ರರಿಗಳನ್ನ ಬೇಕಾದಾಗಲೇ ತರಿಸೋದು. ಇಂಥ ಕಡೆ ಎಲ್‌ಡಿ_ಡೀಬಗ್ ಅನ್ನೋ ವೇರಿಯಬಲ್ಲಿಗೆ "ಲಿಬ್ಸ್" ಅಂತ ಕೊಟ್ಟು ಪ್ರೋಗ್ರಾಮನ್ನ ನಿಜವಾಗಿ ಓಡಿಸಿ. ಲೋಡರ್ ಯಾವ ಹೆಸರು ಹುಡುಕ್ತಿದೆ, ಯಾವ ಯಾವ ಡೈರೆಕ್ಟರಿ ಬಾಗಿಲು ತಟ್ಟಿತು, ಎಲ್ಲಿ ಸಿಕ್ತು, ಎಲ್ಲಾ ಸಾಲು ಸಾಲಾಗಿ ಬರುತ್ತೆ. ಉದ್ದ ಇರುತ್ತೆ, ಆದ್ರೆ ಮೇಲೆ ಹೇಳಿದ ಹುಡುಕೋ ಕ್ರಮ ಕಣ್ಣೆದುರು ನಡೆಯೋದನ್ನ ನೋಡೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ಈಗಾಗ್ಲೇ ಓಡ್ತಿರೋ ಪ್ರೋಸೆಸ್ ಬಗ್ಗೆ ಕೇಳೋದಾದ್ರೆ ಎಲ್‌ಡಿಡಿ ಬೇಡವೇ ಬೇಡ, /ಪ್ರಾಕ್ ಒಳಗೆ ಆ ಪ್ರೋಸೆಸ್ ನಂಬರಿನ ಡೈರೆಕ್ಟರಿಯಲ್ಲಿ ಮ್ಯಾಪ್ಸ್ ಅನ್ನೋ ಫೈಲ್ ಓದಿ. ಇದು ಯಾಕೆ ಮುಖ್ಯ ಅಂತ 2014ರ ಏಪ್ರಿಲ್ ನೆನೆಸ್ಕೊಂಡ್ರೆ ಗೊತ್ತಾಗುತ್ತೆ. ಆಗ ಹಾರ್ಟ್‌ಬ್ಲೀಡ್ ಅನ್ನೋ ದೋಷ ಹೊರಗೆ ಬಂತು, ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್ ವರೆಗೆ ಅದು ಇತ್ತು, 1.0.1ಜಿಯಲ್ಲಿ ಸರಿ ಹೋಯ್ತು. ಶೇರ್ಡ್ ಲೈಬ್ರರಿಯ ದೊಡ್ಡ ಲಾಭ ಕಾಣೋದು ಇಂಥ ದಿನ, ಒಂದು ಪ್ಯಾಕೇಜ್ ಅಪ್‌ಡೇಟ್ ಮಾಡಿದ್ರೆ ಅದನ್ನ ಬಳಸೋ ಎಲ್ಲಾ ಪ್ರೋಗ್ರಾಮ್‌ಗಳಿಗೂ ಸೇರ್ಕೊಂಡು ಸರಿಹೋಗುತ್ತೆ. ಆದ್ರೆ ಅಪ್‌ಡೇಟ್ ಆದ ತಕ್ಷಣ ಎಲ್‌ಡಿಡಿ ಹಾಕಿದ್ರೆ ಅದು ತೋರಿಸೋದು ಹೊಸ ಫೈಲನ್ನ, ಯಾಕಂದ್ರೆ ಅದು ಈಗ ಹೊಸದಾಗಿ ಲೋಡ್ ಮಾಡಿ ನೋಡ್ತಿದೆ. ನಿನ್ನೆ ಶುರುವಾದ ವೆಬ್ ಸರ್ವರ್ ಇನ್ನೂ ಹಳೇ ಲೈಬ್ರರಿಯನ್ನೇ ಮೆಮರಿಯಲ್ಲಿ ಹಿಡ್ಕೊಂಡಿರುತ್ತೆ, ಡಿಸ್ಕಿಂದ ಆ ಫೈಲ್ ಹೋಗಿದ್ರೂ ಸಹ. ಮ್ಯಾಪ್ಸ್ ಫೈಲಲ್ಲಿ ಆ ಸಾಲಿನ ಪಕ್ಕ "ಡಿಲೀಟೆಡ್" ಅಂತ ಕಾಣುತ್ತೆ. ಯಾವುದೇ ಲೈಬ್ರರಿಯ ಸೆಕ್ಯುರಿಟಿ ಅಪ್‌ಡೇಟ್ ಹಾಕಿದ ಮೇಲೆ ಎಲ್ಲಾ ಪ್ರೋಸೆಸ್‌ಗಳ ಮ್ಯಾಪ್ಸ್ ಫೈಲುಗಳಲ್ಲಿ ಆ ಲೈಬ್ರರಿಯ ಹೆಸರಿನ ಪಕ್ಕ ಆ ಪದ ಇದೆಯಾ ಅಂತ ಗ್ರೆಪ್ ಮಾಡಿ, ಸಿಕ್ಕಿದ ಸರ್ವಿಸ್‌ಗಳನ್ನ ರೀಸ್ಟಾರ್ಟ್ ಮಾಡಿ, ಆಮೇಲೆ ಇನ್ನೊಂದು ಸಲ ಗ್ರೆಪ್ ಮಾಡಿ ಏನೂ ಉಳಿದಿಲ್ಲ ಅಂತ ನೋಡ್ಕೊಳ್ಳಿ.